ಮನೆ–ಮಳಿಗೆ: ಕ್ಯಾಮೆರಾ ಕೊಳ್ಳುವ ಮುನ್ನ ಒಂದು ಲೆಕ್ಕ



ಕಳೆದ ದೀಪಾವಳಿಯ ಪಾಡ್ಯದಂದು, ವೀರನಿರ್ವಾಣ ಸಂವತ್ಸರದ ಮೊದಲ ದಿನ, ಸೊಲ್ಲಾಪುರದ ನಮ್ಮ ಸೀರೆ ಅಂಗಡಿಯಲ್ಲಿ ವಹಿಪೂಜೆ ಮುಗಿಯಿತು. ಹೊಸ ಕಿರ್ದಿಯ ಮೊದಲ ಹಾಳೆಯ ಮೇಲೆ ಶ್ರೀಕಾರ ಬರೆದು, ಪ್ರಸಾದ ಹಂಚಿ ಎಲ್ಲರೂ ಕುಳಿತಿದ್ದಾಗ ನಮ್ಮ ಅಣ್ಣನ ಮಗ ಮೆಲ್ಲಗೆ ಮಾತು ತೆಗೆದ.

“ಕಾಕಾ, ಈ ಸಲ ಅಂಗಡಿ ಖಾತೇದಾಗ ಒಂದು ಕ್ಯಾಮೆರಾ ತಗೊಳ್ಳೂಣ್ರಿ. ಒಂದೂವರಿ ಲಕ್ಷದಾಗ ಛಲೋದು ಬರ್ತದ. ಫೋನಿನ ಫೋಟೋ ನೋಡಿ ತರಿಸಿದವರು ಬಣ್ಣ ಬ್ಯಾರೆ ಅದ ಅಂತ ಸೀರಿ ವಾಪಸ್ ಕಳಸ್ಲಿಕ್ಕತ್ತಾರ.”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: “ಮನ್ಯಾಗ ಒಂದು ಕ್ಯಾಮೆರಾ ಐತಲ್ಲ, ಕಪಾಟಿನ್ಯಾಗ. ಅದು ಏನು ಗಳಿಸ್ತು ಅಂತ ನಿಮ್ಮ ಕಾಕಾನ್ನ ಕೇಳು.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಕ್ಯಾಮೆರಾ ಕೊಂಡವನು ನಾನೇ.

ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 2011ರಲ್ಲಿ ಮಗಳ ಮದುವೆ ಗೊತ್ತಾಯಿತು. ಮನೆಯಲ್ಲೊಂದು ಒಳ್ಳೆಯ ಕ್ಯಾಮೆರಾ ಇರಲಿ ಎಂದು ಎರಡು ಲೆನ್ಸು ಸಮೇತ 42,000 ರೂಪಾಯಿ ಕೊಟ್ಟು ತಂದೆ. ಅದು ಹೊರಗೆ ಬಂದದ್ದು ನಾಲ್ಕೇ ಸಲ: ಮಗಳ ಮದುವೆ, ಒಂದು ಶ್ರವಣಬೆಳಗೊಳದ ಯಾತ್ರೆ, ಎರಡು ನಾಮಕರಣ. ಬೆಲೆಯುಳ್ಳ ವಸ್ತು, ಮಕ್ಕಳ ಕೈಗೆ ಸಿಕ್ಕರೆ ಕೆಟ್ಟೀತು ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. “ಒಳ್ಳೆಯ ಸಂದರ್ಭ ಬರಲಿ, ತೆಗೆಯೋಣ” ಎನ್ನುತ್ತಿದ್ದೆ. 2014ರಲ್ಲಿ ನಮ್ಮ ಅಪ್ಪಾಜಿ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಪಟ ಬೇಕಾಯಿತು. ಹುಡುಕಿದರೆ ಕ್ಯಾಮೆರಾದಲ್ಲಿ ಅವರ ಒಂದು ನೆಟ್ಟಗಿನ ಚಿತ್ರವಿಲ್ಲ. ಮದುವೆಯ ಗುಂಪಿನಲ್ಲಿ ಯಾರದೋ ಹೆಗಲ ಹಿಂದೆ ಅರ್ಧ ಮುಖ. ಕೊನೆಗೆ ಗುರುತಿನ ಚೀಟಿಗೆಂದು ತೆಗೆಸಿದ್ದ ಚಿಕ್ಕ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಇಂದಿಗೂ ಅದೇ ಗೋಡೆಯ ಮೇಲಿದೆ, ಮಸುಕಾಗಿದೆ.

ಕೆಲವು ವರ್ಷಗಳ ಮೇಲೆ ಕಪಾಟು ತೆರೆದಾಗ ಬ್ಯಾಟರಿ ಸತ್ತಿತ್ತು, ಹಿಡಿಕೆಯ ರಬ್ಬರು ಅಂಟಂಟಾಗಿತ್ತು. ಹಳೆಯ ಸಾಮಾನು ಕೊಳ್ಳುವವನು 3,000 ಕೊಡುತ್ತೇನೆಂದ. 39,000 ರೂಪಾಯಿ ಕರಗಿಹೋಗಿತ್ತು. ನಾಲ್ಕು ಸಂದರ್ಭಕ್ಕೆ ಹಂಚಿದರೆ ಒಂದೊಂದಕ್ಕೆ 9,750. ಆ ಹಣಕ್ಕೆ ನಾಲ್ಕು ಸಲವೂ ಒಬ್ಬ ಕಸಬುದಾರನನ್ನೇ ಕರೆಸಬಹುದಿತ್ತು.

ಆದ್ದರಿಂದ ಹುಡುಗನಿಗೆ ನಾನು “ಬೇಡ” ಎನ್ನಲಿಲ್ಲ, “ಆಗಲಿ” ಎಂದೂ ಅನ್ನಲಿಲ್ಲ. “ಲೆಕ್ಕ ಮಾಡೋಣ” ಎಂದೆ. ಆ ಲೆಕ್ಕ ನಮ್ಮಂಥ ಬೇರೆ ಮನೆಗಳಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಎಲ್ಲಿದೆ, ಮೊದಲು ನೋಡಿ

ವಾಪಸ್ ಬಂದ ಸೀರೆಗಳನ್ನು ಒಂದೆಡೆ ಹಾಕಿದೆವು. ಒಂದೊಂದನ್ನೂ ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು, ಗಿರಾಕಿಗೆ ಕಳಿಸಿದ್ದ ಫೋಟೋದ ಪಕ್ಕದಲ್ಲಿಟ್ಟು ನೋಡಿದೆವು. ಕಡುಗೆಂಪು ಕಂದಾಗಿ ಬಿದ್ದಿತ್ತು, ನೇರಳೆ ನೀಲಿಯಾಗಿ ಬಿದ್ದಿತ್ತು, ಬಿಳಿ ಸೀರೆ ಬೂದಿಯಂತೆ ಕಾಣುತ್ತಿತ್ತು. ಗಿರಾಕಿಯ ದೂರು ನ್ಯಾಯವಾಗಿಯೇ ಇತ್ತು.

ಆದರೆ ಕಾರಣ ಫೋನೇ? ಫೋಟೋ ತೆಗೆಯುವ ಜಾಗವನ್ನು ನೋಡಿದಾಗ ಗೊತ್ತಾಯಿತು. ಒಂದು ಕಡೆಯಿಂದ ಬಾಗಿಲ ಹಗಲು ಬೆಳಕು, ಮೇಲಿನಿಂದ ಹಳದಿ ಛಾಯೆಯ ಎಲ್.ಇ.ಡಿ. ದೀಪ. ಹಗಲ ಬೆಳಕಿನ ಬಣ್ಣವನ್ನು ಸುಮಾರು 5,500 ರಿಂದ 6,500 ಕೆಲ್ವಿನ್ ಎಂದು ಅಳೆಯುತ್ತಾರೆ. ಹಳದಿ ದೀಪದ್ದು 3,000ದ ಆಸುಪಾಸು. ಎರಡು ಬಣ್ಣದ ಬೆಳಕು ಒಂದೇ ಸೀರೆಯ ಮೇಲೆ ಬಿದ್ದರೆ ಯಾವುದನ್ನು ಬಿಳಿಯೆಂದು ತಿಳಿಯಬೇಕೆಂದು ಯಾವ ಕ್ಯಾಮೆರಾಕ್ಕೂ ಗೊತ್ತಾಗುವುದಿಲ್ಲ. ಸೆರಗು ಒಂದು ಬಣ್ಣ, ಮೈ ಇನ್ನೊಂದು ಬಣ್ಣವಾಗುತ್ತದೆ.

ಎರಡನೆಯದು ದೀಪದ ಗುಣ. ಅಗ್ಗದ ಎಲ್.ಇ.ಡಿ. ಬೆಳಕಿನಲ್ಲಿ ಕಡುಗೆಂಪಿನ ಅಂಶ ಕಡಿಮೆ. ದೀಪದಲ್ಲೇ ಇಲ್ಲದ ಕೆಂಪು ಬಟ್ಟೆಯಿಂದ ಚಿಮ್ಮುವುದೆಂತು? ದೀಪದ ಡಬ್ಬಿಯ ಮೇಲೆ ಸಿ.ಆರ್.ಐ. ಎಂಬ ಅಂಕಿ ಇರುತ್ತದೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಗುರುತು ಅದು. ಸಾಮಾನ್ಯ ದೀಪದ್ದು 80ರ ಸುತ್ತ ಇರುತ್ತದೆ. ಸೀರೆ, ಬಂಗಾರ, ಹರಳಿನ ವ್ಯಾಪಾರಕ್ಕೆ 95 ಅಥವಾ ಮೇಲಿನದು ಬೇಕು.

ಮೂರನೆಯದು ಫೋನಿನ ಅತಿ ಜಾಣತನ. ಚೌಕಟ್ಟಿನ ತುಂಬ ಕೆಂಪು ಸೀರೆಯೇ ಇದ್ದರೆ, ಬೆಳಕೇ ಕೆಂಪಗಿದೆ ಎಂದು ತಿಳಿದು ಅದು ಕೆಂಪನ್ನು ತಗ್ಗಿಸುತ್ತದೆ. ತುಂಬ ಬಿಳಿ ಇದ್ದರೆ ಬೆಳಕು ಹೆಚ್ಚಾಯಿತೆಂದು ಕಪ್ಪಾಗಿಸುತ್ತದೆ. ದುಬಾರಿ ಕ್ಯಾಮೆರಾವೂ ತನ್ನಷ್ಟಕ್ಕೆ ಬಿಟ್ಟರೆ ಇದೇ ತಪ್ಪನ್ನು ಮಾಡುತ್ತದೆ.

ಹೀಗೆ ಮೂರು ರೋಗ ಸಿಕ್ಕವು. ಮೂರಕ್ಕೂ ಒಂದೂವರೆ ಲಕ್ಷದ ಕ್ಯಾಮೆರಾ ಔಷಧವಲ್ಲ. ಹುಡುಗ ಮಾಡಿದ್ದಿಷ್ಟು: ಉತ್ತರದ ಕಿಟಕಿಯ ಬಳಿ ಜಾಗ ಮಾಡಿಕೊಂಡ, ಫೋಟೋ ತೆಗೆಯುವಾಗ ಮೇಲಿನ ದೀಪಗಳನ್ನೆಲ್ಲ ಆರಿಸಿದ. ಜರಿ ಕಣ್ಣಿಗೆ ಕುಕ್ಕದಂತೆ ಕಿಟಕಿಗೆ ತೆಳ್ಳನೆಯ ಬಿಳಿ ಮಲ್‌ಮಲ್ ಕಟ್ಟಿದ. ನೆರಳಿನ ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದ. ಫೋನಿಗೊಂದು ಮುಕ್ಕಾಲಿ, ಒಂದು ಬೂದುಬಣ್ಣದ ಕಾರ್ಡು, ಸಂಜೆಯ ಕೆಲಸಕ್ಕೆ ಒಂದೇ ಬಣ್ಣದ ಎರಡು ಒಳ್ಳೆಯ ದೀಪ ತಂದ. ಕಾರ್ಡನ್ನು ಸೀರೆಯ ಮೇಲಿಟ್ಟು ಫೋನಿನಲ್ಲಿ ಬಿಳುಪಿನ ಅಳತೆಯನ್ನು ಕೈಯಿಂದಲೇ ಗೊತ್ತುಮಾಡಿ, ಆಮೇಲೆ ಕಾರ್ಡು ತೆಗೆದು ಚಿತ್ರ ಹಿಡಿದ. ಎಲ್ಲ ಸೇರಿ 4,000 ರೂಪಾಯಿಯ ಒಳಗೇ ಮುಗಿಯಿತು.

ಇನ್ನೆರಡು ಮಾತನ್ನು ನಮ್ಮ ಅಣ್ಣ ಸೇರಿಸಿದ. ಗಿರಾಕಿಯ ಫೋನಿನ ಪರದೆಯೂ ಒಂದೊಂದು ಬಗೆ. ಆದ್ದರಿಂದ ಫೋಟೋದ ಕೆಳಗೆ ಬಣ್ಣವನ್ನು ಮಾತಿನಲ್ಲೂ ಬರೆ: ದಾಳಿಂಬೆ ಕಾಳಿನ ಕೆಂಪು, ಬದನೆ ನೇರಳೆ, ಗಿಳಿಹಸಿರು ಎಂದು. ಇನ್ನೊಂದು, ವಾಟ್ಸಾಪಿನಲ್ಲಿ ಫೋಟೋವೆಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ನೇಯ್ಗೆ ಕಾಣಬೇಕಾದ ಸೀರೆಯನ್ನು ಡಾಕ್ಯುಮೆಂಟ್ ಎಂದು ಕಳಿಸು. ಮುಂದಿನ ತಿಂಗಳು ಬಣ್ಣದ ದೂರಿನಿಂದ ವಾಪಸ್ ಬಂದ ಸೀರೆ ಒಂದೇ ಒಂದು.

ಫೋನಿಗೆ ಆಗದ ಕೆಲಸ ಯಾವುದು?

ಹಾಗಾದರೆ ಕ್ಯಾಮೆರಾ ಎಂಬುದೇ ದಂಡವೇ? ಅಲ್ಲ. ಅದರ ಕೆಲಸ ಬೇರೆ. ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕ ದೊಡ್ಡ ಕ್ಯಾಮೆರಾದಲ್ಲಿ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ, ಅಂದರೆ 864 ಚದರ ಮಿ.ಮೀ. ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿ ಸುಮಾರು 23.5 ಮತ್ತು 15.6, ಅಂದರೆ 367 ಚದರ ಮಿ.ಮೀ. ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾದಲ್ಲೂ ಅದು ಸುಮಾರು 75 ಚದರ ಮಿ.ಮೀ. ಮಾತ್ರ. ಮಳೆನೀರಿಗೆ ಇಟ್ಟ ಪಾತ್ರೆಯ ಬಾಯಿ ದೊಡ್ಡದಾದಷ್ಟೂ ನೀರು ಹೆಚ್ಚು ಬಿದ್ದಂತೆ, ಫಲಕ ದೊಡ್ಡದಾದಷ್ಟೂ ಬೆಳಕು ಹೆಚ್ಚು. ಈ ಕೊರತೆಯನ್ನು ಫೋನು ಬೇಗಬೇಗನೆ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸಿ ತುಂಬಿಕೊಳ್ಳುತ್ತದೆ. ಕುಳಿತವರ ಮಟ್ಟಿಗೆ ಇದು ಸರಿ. ಓಡುವ ಮಗು, ಕುಣಿಯುವ ಹುಡುಗಿ, ಮಬ್ಬು ಬೆಳಕು ಎಂದಾಗ ಚಿತ್ರ ಕದಡುತ್ತದೆ.

ಆದ್ದರಿಂದ ಕ್ಯಾಮೆರಾ ನಿಜವಾಗಿ ಬೇಕಾಗುವ ಜಾಗಗಳು ಕೆಲವೇ. ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ದೂರದಿಂದ ವೇದಿಕೆಯ ಮೇಲಿನ ಮಗುವಿನ ಮುಖ, ಸಂಜೆಯ ರಥೋತ್ಸವ, ಪಂಚಕಲ್ಯಾಣ ಮಹೋತ್ಸವದ ಮಂಟಪದೊಳಗೆ ಬೆಳಗಿನಿಂದ ರಾತ್ರಿಯವರೆಗಿನ ಕೆಲಸ, ತೋಟದಲ್ಲಿ ದೂರದ ಹಕ್ಕಿ, ಗೋಡೆಯಷ್ಟು ದೊಡ್ಡ ಅಚ್ಚು. ಗರ್ಭಗೃಹದ ಮಾತು ಬೇರೆ. ಅಲ್ಲಿ ಕ್ಯಾಮೆರಾ ಎಂಥದ್ದು ಎಂಬುದಕ್ಕಿಂತ ಅಪ್ಪಣೆ ಇದೆಯೇ ಎಂಬುದು ಮೊದಲು.

ಅಚ್ಚಿನ ಲೆಕ್ಕವೂ ಸುಲಭ. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕಿ ಸಾಕು. 8ಕ್ಕೆ 12 ಇಂಚಿನ ಹಾಳೆಗೆ 2,400ಕ್ಕೆ 3,600, ಅಂದರೆ ಸುಮಾರು 86 ಲಕ್ಷ ಚುಕ್ಕಿ, ಇದನ್ನೇ 8.6 ಮೆಗಾಪಿಕ್ಸೆಲ್ ಎನ್ನುವುದು. ಮನೆಯ ಆಲ್ಬಮ್ಮಿಗೆ ಯಾವ ಸಾಧಾರಣ ಫೋನೂ ಸಾಲುತ್ತದೆ. 12ಕ್ಕೆ 18 ಇಂಚಿಗೆ 19.4 ಮೆಗಾಪಿಕ್ಸೆಲ್ ಬೇಕು. ಅದಕ್ಕೂ ಮೇಲಿನ ಅಂಕಿ ತೋರಿಸಿ ಯಾರಾದರೂ ಕ್ಯಾಮೆರಾ ಮಾರಲು ಬಂದರೆ, “ಅಷ್ಟು ದೊಡ್ಡ ಅಚ್ಚನ್ನು ನಾವು ವರ್ಷಕ್ಕೆ ಎಷ್ಟು ಹಾಕಿಸುತ್ತೇವೆ?” ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಬಂಗಾರದ ಅಂಗಡಿಯವರಿಗೆ ಒಂದು ಮಾತು. ಓಲೆ, ಮೂಗುತಿಯಂಥ ಚಿಕ್ಕ ವಸ್ತುವನ್ನು ಹತ್ತಿರದಿಂದ ತೆಗೆಯುವಾಗ ದೊಡ್ಡ ಫಲಕದ ಕ್ಯಾಮೆರಾದಲ್ಲಿ ಹರಳು ಸ್ಪಷ್ಟವಾದರೆ ಕೊಂಡಿ ಮಸುಕಾಗುತ್ತದೆ. ಚಿಕ್ಕ ಫಲಕದ ಫೋನಿನಲ್ಲಿ ಮುಂದಿನಿಂದ ಹಿಂದಿನವರೆಗೆ ಹೆಚ್ಚು ಭಾಗ ಸ್ಪಷ್ಟವಾಗಿರುತ್ತದೆ. ಹೆಚ್ಚು ಬೆಲೆ ಕೊಟ್ಟು ತಂದದ್ದು ನಿಮ್ಮ ಕೆಲಸವನ್ನು ಕಷ್ಟವಾಗಿಸುವ ಸಂದರ್ಭವೂ ಇದೆ.

ಬಾಡಿಗೆಯೊಡನೆ ತೂಗಿ ನೋಡಿ

ಬೇಕು ಎಂದಾದ ಮೇಲೆ ಕೊಳ್ಳುವುದೇ, ಬಾಡಿಗೆಗೆ ತರುವುದೇ ಎಂಬ ಪ್ರಶ್ನೆ. ದೊಡ್ಡ ಊರುಗಳಲ್ಲಿ ಕ್ಯಾಮೆರಾ, ಲೆನ್ಸು ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ಒಂದು ಉದಾಹರಣೆ ಹಾಕೋಣ. ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ.

ಕ್ಯಾಮೆರಾ, ಲೆನ್ಸು, ಹೆಚ್ಚಿನ ಬ್ಯಾಟರಿ, ಮೆಮೊರಿ ಕಾರ್ಡು, ಚೀಲ ಎಲ್ಲ ಸೇರಿ 80,000 ಎಂದಿಟ್ಟುಕೊಳ್ಳಿ. 4 ವರ್ಷ ಬಳಸಿ ಮಾರಿದರೆ 35,000 ಬಂದೀತು. ಸವಕಳಿ 45,000, ವರ್ಷಕ್ಕೆ 11,250. ದಿನಬಾಡಿಗೆ 1,500 ಆದರೆ ವರ್ಷಕ್ಕೆ ಏಳೆಂಟು ದಿನ ಬಳಸಿದರೂ ಕೊಂಡದ್ದು ಲಾಭವೆಂದು ತೋರುತ್ತದೆ. ಅಂಗಡಿಯವರು ಹೇಳುವ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ನಮ್ಮ ಹಿರಿಯರು ಇಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಹಾಕಿದ ಬಂಡವಾಳಕ್ಕೆ ಬಡ್ಡಿ ಬೇಡವೇ? ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಹಿಡಿದರೂ 80,000ಕ್ಕೆ ತಿಂಗಳಿಗೆ 800. 4 ವರ್ಷಕ್ಕೆ 38,400. ಸವಕಳಿಯೊಡನೆ ಸೇರಿದರೆ 83,400, ವರ್ಷಕ್ಕೆ 20,850. ಈಗ 1,500ರಿಂದ ಭಾಗಿಸಿ. ವರ್ಷಕ್ಕೆ 14 ದಿನ ಬಳಸಿದರೆ ಮಾತ್ರ ಸಮ. ಇನ್ನು ನನ್ನಂತೆ ಕಪಾಟಿನಲ್ಲಿ ಕೆಡಿಸಿ, ಮಾರಿದಾಗ ಏನೂ ಬರದಿದ್ದರೆ 20 ದಿನ ಬೇಕು.

ಅಂದರೆ ತಿಂಗಳಿಗೆ ಒಂದು ದಿನಕ್ಕಿಂತ ಹೆಚ್ಚು ಖಚಿತವಾದ ಕೆಲಸ ಇದ್ದವರಿಗೆ ಕೊಳ್ಳುವುದು ಯೋಗ್ಯ. ವರ್ಷಕ್ಕೆ ಎರಡು ಮದುವೆ, ಒಂದು ಯಾತ್ರೆ ಇದ್ದವರಿಗೆ ಬಾಡಿಗೆಯೇ ಯೋಗ್ಯ. ಬಾಡಿಗೆಗೆ ಇನ್ನೊಂದು ಗುಣವಿದೆ. ಎರಡು ಸಲ ಬಾಡಿಗೆಗೆ ತಂದು ಹೊತ್ತು ತಿರುಗಿದವನಿಗೆ ಆ ಭಾರ ತನಗೆ ಒಗ್ಗುವುದೋ ಇಲ್ಲವೋ ತಾನೇ ತಿಳಿಯುತ್ತದೆ.

ಕೊಳ್ಳುವುದಾದರೆ ಯಾವುದು ಮೊದಲು?

ಬೆಳಕು, ಮುಕ್ಕಾಲಿ, ಲೆನ್ಸು, ಕೊನೆಗೆ ಕ್ಯಾಮೆರಾ. ಈ ಕ್ರಮ ತಪ್ಪಿದವರೇ ಹೆಚ್ಚು.

ಕ್ಯಾಮೆರಾದ ಜೊತೆಯಲ್ಲಿ ಬರುವ ಸಾಧಾರಣ ಲೆನ್ಸಿನ ಬಾಯಿ ಹತ್ತಿರ ಎಳೆದಾಗ ಎಫ್ 5.6ಕ್ಕೆ ಕಿರಿದಾಗುತ್ತದೆ. ಎಫ್ 1.8ರ 50 ಮಿ.ಮೀ. ಲೆನ್ಸು ಬಹುತೇಕ ಎಲ್ಲ ಕಂಪನಿಗಳಲ್ಲೂ ಕಡಿಮೆ ಬೆಲೆಯ ಲೆನ್ಸುಗಳಲ್ಲಿ ಒಂದು. ಅದು ಒಳಗೆ ಬಿಡುವ ಬೆಳಕು ಮೊದಲನೆಯದರ ಒಂಬತ್ತು ಪಟ್ಟಿಗೂ ಹೆಚ್ಚು. ಮಬ್ಬಿನ ಕೋಣೆಯಲ್ಲಿ ಸೆಕೆಂಡಿನ ಆರನೆಯ ಒಂದು ಭಾಗ ಬೇಕಾಗಿದ್ದ ಚಿತ್ರಕ್ಕೆ ಅರವತ್ತನೆಯ ಒಂದು ಭಾಗದಷ್ಟು ಹೊತ್ತು ಸಾಕಾಗುತ್ತದೆ. ಕೈ ನಡುಗಿದರೂ ಚಿತ್ರ ಉಳಿಯುತ್ತದೆ. ಮನೆಯಲ್ಲಿ ಈಗಾಗಲೇ ಹಳೆಯ ಕ್ಯಾಮೆರಾ ಇದ್ದವರು ಹೊಸ ಕ್ಯಾಮೆರಾದ ಯೋಚನೆ ಬಿಟ್ಟು ಈ ಒಂದು ಲೆನ್ಸು ಹಾಕಿ ನೋಡಬೇಕು.

ಲೆನ್ಸು ಬಹುಕಾಲ ಬಾಳುತ್ತದೆ, ಕ್ಯಾಮೆರಾ ಬೇಗ ಹಳತಾಗುತ್ತದೆ. ನಿಕಾನ್ ಕಂಪನಿ 1959ರಲ್ಲಿ ತಂದ ಲೆನ್ಸು ಕೂರಿಸುವ ಬಳೆ, ಕ್ಯಾನನ್ 1987ರಲ್ಲಿ ತಂದದ್ದು, ಎರಡೂ ದಶಕಗಟ್ಟಲೆ ನಡೆದವು. 2018ರಲ್ಲಿ ಎರಡೂ ಕಂಪನಿಗಳು ಕನ್ನಡಿಯಿಲ್ಲದ ಕ್ಯಾಮೆರಾಗಳಿಗಾಗಿ ಹೊಸ ಬಳೆ ತಂದವು. ಹಳೆಯ ಲೆನ್ಸುಗಳನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಇದರಿಂದಾಗಿ ಹಳೆಯ ಬಗೆಯ ಕ್ಯಾಮೆರಾ, ಲೆನ್ಸುಗಳು ಎರಡನೆಯ ಕೈಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕಲಿಯುವವರಿಗೆ ಇವೇ ಸಾಕು. ಕೊಳ್ಳುವಾಗ ಮೂಲ ಬಿಲ್ಲು ಕೇಳಿ, ಅದರ ಮೇಲಿನ ಸಂಖ್ಯೆ ವಸ್ತುವಿನ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ, ಲೆನ್ಸಿನ ಒಂದು ತುದಿಯಿಂದ ಟಾರ್ಚು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬಿಡಿ.

ಬೂಷ್ಟಿನ ಮಾತು ಬಂದಾಗ ವಯನಾಡಿನ ಒಬ್ಬ ಓದುಗರು ಬರೆದ ಪತ್ರ ನೆನಪಾಗುತ್ತದೆ. ಕಾಫಿ ತೋಟದ ಮನೆ. ಚರ್ಮದ ಚೀಲದೊಳಗಿಟ್ಟ ಲೆನ್ಸು ಮೂರೇ ಮಳೆಗಾಲಕ್ಕೆ ಹಾಳಾಯಿತಂತೆ. ವಯನಾಡು, ಕಾಸರಗೋಡು, ನೀಲಗಿರಿಯಂಥ ತೇವದ ಸೀಮೆಯವರು ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒಳಗೊಂದು ಚಿಕ್ಕ ತೇವಮಾಪಕ ಇಟ್ಟು, ತೇವವನ್ನು ಶೇಕಡಾ 40ರಿಂದ 50ರೊಳಗೆ ಇರಿಸಬೇಕು. ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗದ ಕಡೆಯವರಿಗೆ ವೈರಿ ಧೂಳು. ಗಾಳಿಯಲ್ಲಿ ನಿಂತು ಲೆನ್ಸು ಬದಲಿಸಬಾರದು. ಎರಡು ಸೀಮೆಗೂ ಒಂದೇ ಮದ್ದು ಇದೆ: ಬಳಸುತ್ತಿರುವುದು.

ಇದೇ ಓದುಗರ ಮಗ ಈಗ ಕ್ಯಾಮೆರಾ ಕೊಂಡಿದ್ದಾನೆ, ಅದು ಸರಿಯಾಗಿಯೇ ಇದೆ. ತೋಟದ ಕೆಲಸದ ನಡುವೆ ಭಾನುವಾರಗಳಲ್ಲಿ ಸಮಾಜದ ಮದುವೆ, ಉಪನಯನಗಳ ಚಿತ್ರ ತೆಗೆಯುತ್ತಾನೆ. ಎರಡು ವರ್ಷ ಬಾಡಿಗೆಗೆ ತಂದು ದುಡಿದು, ಬಾಡಿಗೆಗೆ ಕೊಟ್ಟ ಹಣವೇ ಕ್ಯಾಮೆರಾದ ಬೆಲೆಯ ಹತ್ತಿರ ಬಂದಾಗ ಕೊಂಡನಂತೆ. ವ್ಯಾಪಾರಿಯ ಬುದ್ಧಿ ಎಂದರೆ ಇದು.

ಮರೆಯಬಾರದ ಇನ್ನೊಂದು ಖರ್ಚು, ತೆಗೆದದ್ದನ್ನು ಕಾಪಾಡುವುದು. ಒಂದೇ ಹಾರ್ಡ್ ಡಿಸ್ಕಿನಲ್ಲಿಟ್ಟ ಚಿತ್ರ ಇಲ್ಲದ ಚಿತ್ರಕ್ಕೆ ಸಮ; ಅದು ಎಂದಾದರೂ ಕೆಟ್ಟೇ ಕೆಡುತ್ತದೆ. ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ.

ವಹಿಯಲ್ಲಿ ಬರೆಯುವಾಗ

ಡಿಜಿಟಲ್ ಕ್ಯಾಮೆರಾದ ಮೇಲಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಸಾಮಾನ್ಯ ರೀತಿಯಲ್ಲಿ ನೋಂದಣಿಯಾದ ಅಂಗಡಿ ವ್ಯಾಪಾರದ ಕೆಲಸಕ್ಕೆಂದೇ ಕೊಂಡರೆ, ಅಂಗಡಿಯ ಹೆಸರು ಮತ್ತು ಸಂಖ್ಯೆ ಇರುವ ಬಿಲ್ಲಿನ ಮೇಲೆ ಆ ತೆರಿಗೆಯನ್ನು ಜಮೆ ತೆಗೆದುಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯಲ್ಲಿದ್ದವರಿಗೆ ಈ ಸೌಲಭ್ಯವಿಲ್ಲ. ಜಮೆ ತೆಗೆದುಕೊಂಡ ತೆರಿಗೆಯ ಭಾಗದ ಮೇಲೆ ಮತ್ತೆ ಸವಕಳಿ ಹಾಕುವಂತಿಲ್ಲ.

ಇಲ್ಲೇ ಮನಸ್ಸು ಜಾರುವುದು. “ಅಂಗಡಿ ಖಾತೆಗೆ ಹಾಕಿ, ಮನೆಗೆ ಬಳಸೋಣ, ತೆರಿಗೆ ಉಳಿಯಿತಲ್ಲ!” ಎನ್ನುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕಾನೂನು ವ್ಯಾಪಾರಕ್ಕೆ ಬಳಸಿದಷ್ಟಕ್ಕೇ ಜಮೆ ಕೊಡುತ್ತದೆ. ಕಾನೂನಿನ ಮಾತು ಹಾಗಿರಲಿ, ಅಚೌರ್ಯವನ್ನು ಅಣುವ್ರತವೆಂದು ಮಕ್ಕಳಿಗೆ ಹೇಳಿಕೊಡುವ ಮನೆಯಲ್ಲಿ ಯಾತ್ರೆಯ ಕ್ಯಾಮೆರಾ ಅಂಗಡಿಯ ಖಾತೆಗೆ ಬಂದರೆ ಮಕ್ಕಳು ಕಲಿಯುವುದೇನು? ಮನೆಗೆ ಬೇಕಾದದ್ದನ್ನು ಮನೆಯ ಖಾತೆಯಲ್ಲೇ ಬರೆಯಿರಿ.

ನಮ್ಮ ಆಚಾರಕ್ಕೆ ಸೇರಿದ ಎರಡು ಮಾತು

ಈಚೆಗೆ ಹುಡುಗರಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾಗಳ ಹುಚ್ಚು ಮತ್ತೆ ಕಾಣುತ್ತಿದೆ. ಪಾಲಕರಿಗೆ ಒಂದು ವಿಷಯ ತಿಳಿದಿರಲಿ. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರು ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಕಲಸಿ ಗಾಜಿನ ಮೇಲೆ ಲೇಪಿಸುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಇಲ್ಲಿಯವರೆಗೆ ಫಿಲ್ಮಿನ ಲೇಪನಕ್ಕೆ ಜೆಲಟಿನ್ನೇ ಆಧಾರ. ಜೆಲಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಸ್ಟುಡಿಯೋಗಳಲ್ಲಿ ರಾಸಾಯನಿಕದಲ್ಲಿ ತೊಳೆದು ತೆಗೆಯುವ ಬೆಳ್ಳಿಲೇಪದ ಫೋಟೋ ಕಾಗದದಲ್ಲೂ ಅದೇ ಇದೆ. ಕೆಲವು ಇಂಕ್‌ಜೆಟ್ ಕಾಗದಗಳ ಲೇಪನದಲ್ಲೂ ಅದರ ಬಳಕೆ ಆಗಿದೆ. ಮದುವೆಯ ಆಲ್ಬಮ್ಮು ಮಾಡಿಸುವಾಗ ಕಾಗದ ಯಾವುದೆಂದು ಕೇಳುವ ಹಕ್ಕು ನಮಗಿದೆ. ಚೀಲ, ಪಟ್ಟಿಗಳಲ್ಲಿ ಚರ್ಮ ಬೇಡವೆಂದರೆ ಬಟ್ಟೆ, ನೈಲಾನಿನವು ಎಲ್ಲೆಡೆ ಸಿಗುತ್ತವೆ. ವಯನಾಡಿನ ಓದುಗರ ಅನುಭವ ನೋಡಿದರೆ ಲೆನ್ಸಿಗೂ ಅವೇ ಹಿತ.

ಎರಡನೆಯದು ಪರಿಗ್ರಹದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ಸಲ ಅನುಭವಿಸಿ ಬಿಡುವುದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಪರಿಮಾಣ ಹಾಕಿಕೊಳ್ಳಲು ಶ್ರಾವಕರಿಗೆ ಹೇಳಿದ್ದಾರೆ. ಊಟ ಭೋಗ, ಬಟ್ಟೆ ಉಪಭೋಗ. ಕ್ಯಾಮೆರಾ ಉಪಭೋಗದ ಸಾಲಿಗೆ ಬರಬೇಕು. ಆದರೆ ನನ್ನ ಕಪಾಟಿನಲ್ಲಿದ್ದದ್ದು ಬಳಕೆಗೇ ಬರಲಿಲ್ಲ. ಅದು ಬರೀ ಪರಿಗ್ರಹ. ವಸ್ತುವಿಗಿಂತ ಅದರ ಮೇಲಿನ ಮಮತೆಯೇ ಪರಿಗ್ರಹವೆಂದು ಹಿರಿಯರು ಹೇಳಿದ್ದರ ಅರ್ಥ ನನಗೆ ಆ ಅಂಟಂಟು ಹಿಡಿಕೆ ಮುಟ್ಟಿದಾಗ ತಿಳಿಯಿತು. ಕೆಟ್ಟೀತೆಂಬ ಭಯದಿಂದ ಕ್ಯಾಮೆರಾವನ್ನು ಕಾಪಾಡಿದೆ, ಅಪ್ಪಾಜಿಯ ಮುಖವನ್ನು ಕಳೆದುಕೊಂಡೆ.

ಹುಡುಗನ ಡೈರಿ

ನಮ್ಮ ಹುಡುಗನಿಗೆ ನಾನು ಹೇಳಿದ್ದು ಒಂದೇ ಕೆಲಸ. ದೀಪಾವಳಿಯಿಂದ ಯುಗಾದಿಯವರೆಗೆ ಒಂದು ಡೈರಿ ಇಡು. ಫೋನಿನಲ್ಲಿ ತೆಗೆಯಲಾಗದೆ ಹೋದ ಪ್ರತಿಯೊಂದು ಚಿತ್ರವನ್ನೂ, ಯಾಕೆ ಆಗಲಿಲ್ಲ ಎಂಬುದನ್ನೂ ಬರೆ. ಯುಗಾದಿಯ ದಿನ ತೆರೆದು ನೋಡಿದೆವು. 11 ಬರಹಗಳಿದ್ದವು. 7 ಬೆಳಕಿನ ತಪ್ಪು. 2 ಕೈ ಅಲುಗಿದ್ದು. ಉಳಿದ 2 ಮಾತ್ರ ನಿಜವಾಗಿ ಫೋನಿನ ಮಿತಿ: ಒಂದು ಪಾಠಶಾಲೆಯ ಮಕ್ಕಳ ನಾಟಕ, ಇನ್ನೊಂದು ಸಂಜೆಯ ರಥ.

“ಎರಡು ದಿನದ ಕೆಲಸಕ್ಕ ಒಂದೂವರಿ ಲಕ್ಷ ಬ್ಯಾಡ್ರಿ ಕಾಕಾ,” ಎಂದು ಅವನೇ ಡೈರಿ ಮುಚ್ಚಿದ. ಅಣ್ಣ ಈ ಸಲ ನಗಲಿಲ್ಲ. ಈಗ ಪಕ್ಕದ ಎರಡು ಅಂಗಡಿಯವರು ತಮ್ಮ ಸೀರೆಗಳ ಚಿತ್ರವನ್ನೂ ತೆಗೆದುಕೊಡಲು ಅವನನ್ನು ಕೇಳುತ್ತಿದ್ದಾರೆ. ಡೈರಿ ಮುಂದುವರಿದಿದೆ. ಕ್ಯಾಮೆರಾ ಬೇಕಾಗುವ ಕೆಲಸ ವರ್ಷಕ್ಕೆ 14 ದಿನ ಮುಟ್ಟಿದರೆ ಚೆಕ್ಕಿಗೆ ನಾನೇ ಸಹಿ ಹಾಕುತ್ತೇನೆಂದು ಮಾತು ಕೊಟ್ಟಿದ್ದೇನೆ.

ಅದೇ ಮಧ್ಯಾಹ್ನ, ಸೀರೆಗೆಂದು ಮಲ್‌ಮಲ್ ಕಟ್ಟಿದ್ದ ಆ ಕಿಟಕಿಯ ಬಳಿ ಅವನು ನಮ್ಮ ಅವ್ವನನ್ನು ಕೂರಿಸಿದ. ಅವ್ವನಿಗೆ ಈಗ ಎಂಬತ್ತಾರು. “ನನ್ನದೇನು ತೆಗೀತಿಯೋ, ಹಲ್ಲಿಲ್ಲದ ಮಾರಿ,” ಎಂದು ಸೆರಗು ಸರಿಮಾಡಿಕೊಂಡಳು. ಫೋನಿನಲ್ಲೇ ತೆಗೆದ. ಕೈಯಲ್ಲಿ ಜಪಮಾಲೆ, ಮುಖದ ಒಂದೊಂದು ಗೆರೆಯೂ ಸ್ಪಷ್ಟ. 8ಕ್ಕೆ 12 ಅಚ್ಚು ಹಾಕಿಸಿ ತಂದಿದ್ದೇವೆ. ಗೋಡೆಗಲ್ಲ, ಅವಳ ಕೈಗೇ ಕೊಟ್ಟಿದ್ದೇವೆ. ಬಂದವರಿಗೆಲ್ಲ ತೋರಿಸುತ್ತಾಳೆ.

ಬಂಧುಗಳೇ, ಕ್ಯಾಮೆರಾ ಕೊಳ್ಳುವುದೋ ಬಿಡುವುದೋ ನಿಮ್ಮ ನಿಮ್ಮ ಲೆಕ್ಕ. ಆದರೆ ಈ ಚಾತುರ್ಮಾಸ್ಯ ಬರುವುದರೊಳಗೆ ಮನೆಯ ಹಿರಿಯರನ್ನು ಒಮ್ಮೆ ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕೈಯಲ್ಲಿರುವ ಫೋನಿನಿಂದಲೇ ಒಂದು ಚಿತ್ರ ತೆಗೆಯಿರಿ. ಎರಡು ಪ್ರತಿ ಇಡಿ. ಡೈರಿಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಜೈ ಜಿನೇಂದ್ರ.